ತಂತಿಯಿಲ್ಲದ ಬೆಳಕು

“ಮಣ್ಣು ಒಗದಾರ್ರೀ ಮೇಡಮ್ಮರ, ಮಣ್ಣು!”

ಕಣ್ಣಿಗೆ ಕಟ್ಟಿಕೊಂಡಿದ್ದ ಒದ್ದೆ ಅರಿವೆಯನ್ನು ಬಿಚ್ಚಲು ಮುದಕಪ್ಪ ಒಪ್ಪಲೇ ಇಲ್ಲ. ಬೆಟಗೇರಿಯ ಆ ಮುದ್ರಣಾಲಯದ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ಗೋಡೆಗೆ ಆತು ಕೂತಿದ್ದ. ಇಪ್ಪತ್ತು ವರ್ಷದಿಂದ ಅಲ್ಲಿಯ ಕಾವಲುಗಾರ ಅವನು.

“ಕುಣ್ಯಾಗ ಇಳಿಸಿದಾಗ ಎಲ್ಲಾರೂ ಒಂದೊಂದ್ ಹಿಡಿ ಮಣ್ಣು ಹಾಕಿದಿವಿ. ನಾನೂ ಹಾಕಿದ್ನಿ. ನಾ ಹಾಕಿದ್ ಮಣ್ಣನ್ನ ನಮ್ಮ ಸಾವ್ಕಾರ್ರು ತಿರುಗಿ ನನ್ನ ಕಣ್ಣಾಗ ಒಗದಾರ.”

ಇನ್ಸ್‌ಪೆಕ್ಟರ್ ಶೈಲಾ ಹೊಂಬಳ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸಾವ್ಕಾರ ಅಂದರೆ ನಂದೀಶ, ಈ ಮುದ್ರಣಾಲಯದ ಮಾಲೀಕ. ಅವನನ್ನು ಮಣ್ಣು ಮಾಡಿ ಎರಡು ತಿಂಗಳಾಗಿತ್ತು. ಕೊಂದು ಮುಂಡರಗಿಯಾಚೆ ತುಂಗಭದ್ರೆಗೆ ನೂಕಿದ ಆರೋಪದ ಮೇಲೆ ಅವನ ಯಂತ್ರಚಾಲಕ ಇಸಾಕ ಜೈಲಿನಲ್ಲಿದ್ದ. ಆರೋಪಪಟ್ಟಿ ನಾಳೆ ನ್ಯಾಯಾಲಯಕ್ಕೆ ಹೋಗಬೇಕು. ಅದರ ಕೆಳಗಿನ ಸಹಿ ಶೈಲಾಳದು.

“ಅಜ್ಜಾ, ಅರಿವಿ ತಗೀರಿ. ನಾ ನೋಡಬೇಕು.”

ಮುದಕಪ್ಪ ಮೆಲ್ಲಗೆ ಅರಿವೆ ಎತ್ತಿದ. ರೆಪ್ಪೆಗಳು ಊದಿ, ಕಣ್ಣು ಒಡೆದ ದಾಳಿಂಬೆಯಂತಾಗಿದ್ದವು. ಬಿಸಿಲು ಕಂಡೊಡನೆ ನೀರು ಸುರಿಯಿತು. ಆದರೆ ಶೈಲಾ ನೋಡುತ್ತಿದ್ದದ್ದು ಕಣ್ಣನ್ನಲ್ಲ, ಮುಖವನ್ನು. ಹಣೆಯಿಂದ ಗದ್ದದವರೆಗೆ ಒಂದು ಅಂಗೈಯಷ್ಟು ಅಗಲದ ಪಟ್ಟಿ, ಬಿಸಿಲಿಗೆ ಸುಟ್ಟಂತೆ ಕೆಂಪಗೆ. ಅದರ ಎರಡೂ ಅಂಚು ನೇರ. ಪಟ್ಟಿಯ ಆಚೀಚೆ ಚರ್ಮ ಎಂದಿನ ಬಣ್ಣದಲ್ಲೇ ಇತ್ತು.

“ಪ್ರೆಸ್ಸಿನ ಒಳಗ ಬೆಳಕು ಕಂಡ್ನಿ ಅಂದ್ರೆಲ್ಲ, ಅದು ಯಾವಾಗ?”

“ಮೊನ್ನಿ ಹೊತ್ತು ಮುಳುಗೂ ಮುಂದ. ಪ್ರೆಸ್ ಬಂದ್ ಆಗಿ ಎರಡ ತಿಂಗಳಾತು, ಕೀಲಿ ಹಾಕಿದ್ದು ಹಾಕಿದಂಗ ಐತಿ. ಒಳಗ ಗುಂಯ್ ಅಂತ ಸಪ್ಪಳ ಆತ್ರಿ. ಕಿಡಕಿ ಕಾಜು ಒಂದ್ ಒಡದೈತಲ್ಲ, ಅದರಾಗ ಹಣಕಿ ಹಾಕಿದ್ನಿ. ಯವ್ವಾ, ಏನ ಬೆಳಕ್ರಿ ಅದು! ನೀಲಿ ಅನ್ನಾಕ ನೀಲಿ ಅಲ್ಲ, ಬಿಳಿ ಅನ್ನಾಕ ಬಿಳಿ ಅಲ್ಲ. ಕಣ್ಣ ಕಿತ್ತಕೊಳ್ಳಾಕ ಆಗಲಿಲ್ಲ.”

“ಆಗ ಉರಿ ಇತ್ತೇನು?”

“ಇಲ್ರಿ! ಅದ ನೋಡ್ರಿ ಮತ್ತ. ಮನಿಗೆ ಹೋದ್ನಿ, ರೊಟ್ಟಿ ತಿಂದ್ನಿ, ಮಲಕೊಂಡ್ನಿ. ನಡುರಾತ್ರ್ಯಾಗ ಕಣ್ಣಾಗ ಉಸುಕು ಹಾಕಿ ತಿಕ್ಕಿದಂಗ ಆತು. ಮನೀ ತನಕ ಬೆನ್ನ ಹತ್ತಿ ಬಂದು ಒಗದಾರ್ರಿ.”

ಎದುರಿನ ಚಾ ಅಂಗಡಿಯ ಮಾಸುಮಬಿಯೂ ಅದೇ ಸಂಜೆ ಅದೇ ಕಿಟಕಿಗೆ ಮುಖ ಒತ್ತಿ ನೋಡಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಮುದಕಪ್ಪನ ಬಳಿ ಅದಕ್ಕೂ ಉತ್ತರವಿತ್ತು.

“ಆಕಿ ಮಣ್ಣಿಗೆ ಬಂದಿರಲಿಲ್ಲಲ್ರಿ!”

ಶೈಲಾ ಎದ್ದು ಕಿಟಕಿಯ ಹತ್ತಿರ ಹೋದಳು. ಒಂದರ ಪಕ್ಕ ಒಂದು, ಉದ್ದುದ್ದ ಗಾಜುಗಳು. ಮಾಸುಮಬಿ ನೋಡಿದ್ದ ಗಾಜು ಇಡಿಯಾಗಿತ್ತು. ಮುದಕಪ್ಪ ಹಣಕಿದ ಕಡೆ ಗಾಜು ಬಿದ್ದುಹೋಗಿ, ಅಂಗೈ ಅಗಲದ ಸಂದು ಬಾಯಿ ತೆರೆದಿತ್ತು.

ಪಟ್ಟಿಯ ಅಳತೆ ಸಿಕ್ಕಿತು. ಸತ್ತವನು ಮಣ್ಣು ಎರಚಿದ್ದರೆ ಅಷ್ಟು ನೇರವಾಗಿ ಎರಚುತ್ತಿರಲಿಲ್ಲ.

ಗೇಟಿನ ಬಳಿ ಗದ್ದಲ ಕೇಳಿಸಿತು. ಹವಾಲ್ದಾರ ಬೀರಲಿಂಗಪ್ಪ ಕೈ ಅಡ್ಡ ಮಾಡಿ ನಿಂತಿದ್ದ. ಅವನ ಕೈ ಕೆಳಗೆ ನುಸುಳಿಕೊಂಡು ಬಂದವಳು ಹಸೀನಾಬಿ, ಇಸಾಕನ ಹೆಂಡತಿ.

“ನಾಳೆ ಕಾಗದ ಹಾಕತೀರಂತಲ್ರಿ ಮೇಡಂ, ನನ್ನ ಗಂಡನ ಮ್ಯಾಲೆ?”

“ಹೌದವ್ವ.”

“ಹಾಕ್ರಿ. ಊರೆಲ್ಲ ಅಂತೈತಿ, ನಂದೀಶ ಸಾವ್ಕಾರ್ರು ಬಂದು ಪ್ರೆಸ್ಸಿನ್ಯಾಗ ದೀಪ ಹಚ್ಚಾಕತ್ತಾರ ಅಂತ. ದಿನಾ ಬಂದು ದೀಪ ಹಚ್ಚೋ ಅಷ್ಟು ಆರಾಮ ಇದ್ರ, ನನ್ನ ಗಂಡ ಕೊಂದದ್ದು ಯಾರನ್ನ? ಮೊದಲ ಅವರನ್ನ ಹಿಡಕೊಂಡು ಕೇಳ್ರಿ.”

ಬೀರಲಿಂಗಪ್ಪ ನಗು ತಡೆಯಲು ಮೀಸೆ ಒರೆಸಿಕೊಂಡ. ಹಸೀನಾಬಿ ಅವನತ್ತ ತಿರುಗಿದಳು.

“ನಗ್ರಿ ಹವಾಲ್ದಾರ್ರ. ನನ್ನ ಮಗಳು ಸಾಲಿ ಬಿಟ್ಟು ಮನ್ಯಾಗ ಕುಂತಾಳ. ಕೊಲಿಗಾರನ ಮಗಳು ಅಂತ ಬಾಜೂಕ ಯಾರೂ ಕುಂಡ್ರಂಗಿಲ್ಲ. ನಾಳೆ ಆ ಕಾಗದ ಹೋತಂದ್ರ ಆಕಿ ಹಣಿಮ್ಯಾಲ ಅದ ಬರಿತೈತಿ.”

ಬೀರಲಿಂಗಪ್ಪನ ಮೀಸೆಯಡಿಯ ನಗು ಇಂಗಿತು. ಹಸೀನಾಬಿ ಸೆರಗು ಎಳೆದುಕೊಂಡು ಹೊರಟೇಬಿಟ್ಟಳು.

*

ಯಂತ್ರದ ಕೋಣೆಯ ಬೀಗ ಒಡೆದಿರಲಿಲ್ಲ, ಮೀಟಿದ ಗುರುತೂ ಇರಲಿಲ್ಲ. ಒಂದು ಕೀಲಿ ನಂದೀಶನ ಅಣ್ಣ ವೀರೇಶನ ಹತ್ತಿರ. ಅದನ್ನು ಶೈಲಾ ಬೆಳಿಗ್ಗೆಯೇ ಇಸಿದುಕೊಂಡಿದ್ದಳು. ಇನ್ನೊಂದು ಕೀಲಿ ನಂದೀಶನ ಬಳಿ ಇರುತ್ತಿತ್ತು. ಅದು ಹೆಣದ ಮೇಲೆ ಸಿಕ್ಕಿರಲಿಲ್ಲ. ನದಿ ಸೇರಿರಬೇಕು ಅಂದುಕೊಂಡಿದ್ದರು.

ಒಳಗೆ ಕಾಲಿಟ್ಟೊಡನೆ ಒಂದು ವಾಸನೆ. ಮಳೆಗೆ ಮುಂಚೆ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಾಗ ಮೂಗಿಗೆ ತಾಕುವ, ಚುಚ್ಚುವ ವಾಸನೆ. ನೆಲದ ಮೇಲೆ ಎರಡು ತಿಂಗಳ ಧೂಳು. ಒಂದು ಯಂತ್ರದ ಸುತ್ತ ಮಾತ್ರ ಯಾರೋ ಕಸಬರಿಗೆ ಆಡಿಸಿದ್ದರು. ಬೆಲ್ಟಿನ ಅಂಚಿನಲ್ಲಿ ಅರೆ ಒಣಗಿದ ವಾರ್ನಿಷ್ ಬೆರಳಿಗೆ ಅಂಟುತ್ತಿತ್ತು. ಏನನ್ನೋ ಅಚ್ಚು ಹಾಕಿ, ಒಣಗಿಸಿ, ಒಯ್ದಿದ್ದರು.

ಹುಬ್ಬಳ್ಳಿಯಿಂದ ಬಂದಿದ್ದ ಎಂಜಿನಿಯರ್ ಕಳಕೇಶ ಯಂತ್ರದ ತಗಡಿನ ಮುಸುಕು ಎತ್ತಿ ಒಳಗೆ ಕೈ ಹಾಕಿದ್ದ. ಈ ಭಾಗದ ಮುದ್ರಣಾಲಯಗಳ ಇಂಥ ಯಂತ್ರಗಳಿಗೆಲ್ಲ ಅವನೇ ವೈದ್ಯ. ಕೈಗೆ ಹತ್ತಿಯ ಕೈಗವಸು. ಹೊರತೆಗೆದದ್ದು ಬೆರಳು ದಪ್ಪದ, ಒಂದು ಗೇಣಿಗಿಂತ ತುಸು ಉದ್ದದ ಗಾಜಿನ ಕೊಳವೆ. ತೆಗೆದವನೇ ಬೈದ.

“ಇವರ ಮನಿ ಹಾಳಾಗ! ಮತ್ತ ಹಚ್ಚ್ಯಾರ್ ನೋಡ್ರಿ.”

“ಏನು?”

“ವಿಭೂತಿ, ಮೇಡಂ! ಹೊಸಾ ಬಲ್ಬು, ಬೆಳ್ಳಿಯಂಗ ಇತ್ತು. ಮೂರು ಬಟ್ಟು ಎಳದಾರ. ಗದಗ ಬೆಟಗೇರ್ಯಾಗ ಯಾವ ಪ್ರೆಸ್ಸಿಗೆ ಹೋದ್ರೂ ಇದ ಗೋಳು. ಮಷೀನಿಗೆ ಹೊಸ ಸ್ಕ್ರೂ ಹಾಕಿದ್ರೂ ವಿಭೂತಿ. ಹಚ್ಚಲಿ, ನಾ ಬ್ಯಾಡ ಅನ್ನಂಗಿಲ್ಲ, ಹೊರಗಿನ ತಗಡಿಗೆ ಹಚ್ಚಲಿ. ಈ ಬಲ್ಬಿಗೆ ಬರೇ ಕೈ ಸೈತ ತಾಗಬಾರದು.”

“ತಾಗಿದ್ರ?”

“ಇದು ಕ್ವಾರ್ಟ್ಜ್ ಗಾಜು. ಉರಿಯೂ ಮುಂದ ಕೆಂಡದಷ್ಟ ಕಾಯತೈತಿ. ಬೆರಳಿನ ಬೆವರಿನ ಉಪ್ಪು, ವಿಭೂತಿ ಬೂದಿ, ಏನ ಅಂಟಿರಲಿ, ಆ ಕಾವಿಗೆ ಗಾಜಿನ್ಯಾಗ ಇಳದು ಬೆಳ್ಳಗ ಮಬ್ಬಾಗಿ ಕುಂಡ್ರತೈತಿ. ಆಮ್ಯಾಲೆ ಸ್ಪಿರಿಟ್ ಹಾಕಿ ಒರಸ್ರಿ, ಏನ ಮಾಡ್ರಿ, ಹೋಗಂಗಿಲ್ಲ.”

ಶೈಲಾ ಕೈಗವಸು ಹಾಕಿಕೊಂಡು ಕೊಳವೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ನಡುವೆ ಮೂರು ಬಿಳಿ ಪಟ್ಟೆ, ಲಿಂಗಕ್ಕೆ ಎಳೆದಂತೆ. ಎಡತುದಿಯಲ್ಲಿ ಇನ್ನೊಂದು ಮಬ್ಬು ಗುರುತು, ಗೋಡಂಬಿಯಷ್ಟು. ಅವಳು ಅದನ್ನು ಪೆಟ್ಟಿಗೆಯಲ್ಲಿಟ್ಟು ಮೊಹರು ಮಾಡಿದಳು.

“ಇದರ ತಂತಿ ಎಲ್ಲೈತ್ರಿ?” ಬೀರಲಿಂಗಪ್ಪ ಬಗ್ಗಿ ನೋಡುತ್ತ ಕೇಳಿದ.

“ತಂತಿ ಇಲ್ರಿ.”

“ತಂತಿ ಇಲ್ದ ಬಲ್ಬು ಹೆಂಗ ಹತ್ತತೈತ್ರಿ?”

“ಹಚ್ಚಿ ತೋರಸ್ತೀನಿ. ಹಳೇ ಬಲ್ಬು ಒಂದೈತಿ, ಅರ್ಧ ಜೀವದ್ದು. ಈ ಚಸ್ಮಾ ಹಾಕ್ಕೊಳ್ರಿ. ಮುಖ, ಕೈ ಮುಚ್ಚಿಕೊಳ್ರಿ.”

ಮೂವರೂ ದಪ್ಪ ಪ್ಲಾಸ್ಟಿಕ್ಕಿನ ಕನ್ನಡಕ ಹಾಕಿಕೊಂಡರು. ಕಿಟಕಿಗೆ ರಟ್ಟು ಒತ್ತಿ ಬಾಗಿಲು ಮುಚ್ಚಿದಾಗ ನಡುಮಧ್ಯಾಹ್ನದ ಆ ಕೋಣೆ ಕಾಳು ತುಂಬುವ ಹಗೇವಿನ ಒಳಗಿನಷ್ಟು ಕತ್ತಲಾಯಿತು. ಕಳಕೇಶ ತಗಡಿನ ಮುಸುಕನ್ನು ಕೆಳಗಿಳಿಸಿ, ನೆಲದ ಕಡೆ ಒಂದು ಸಂದು ಬಿಟ್ಟ.

ಮೊದಲು ಗಾಳಿ ಊದುವ ಯಂತ್ರದ ಗುಂಯ್ ಸದ್ದು. ಬಳಿಕ ಒಂದು ಸಣ್ಣ ಚಿಟಿಕೆ.

ಕೊಳವೆಯ ಒಳಗೆ ಏನೋ ಮೈ ಮುರಿದೆದ್ದಿತು. ಮಸುಕು ನೀಲಿಯ ಒಂದು ಎಳೆ ನಡುಗುತ್ತ ಹುಟ್ಟಿ, ಒಂದೇ ಉಸಿರಿಗೆ ಊದಿಕೊಂಡು ಎರಡೂ ತುದಿ ಮುಟ್ಟಿತು. ಎತ್ತಲೂ ತಂತಿಯಿಲ್ಲ, ಒಳಗೆ ಬತ್ತಿಯಿಲ್ಲ. ಬರೀ ಗಾಜು, ಅದರೊಳಗೆ ತನ್ನಷ್ಟಕ್ಕೆ ತಾನೇ ಉರಿಯುವ ಗಾಳಿ. ಮುಸುಕಿನ ಪುಟ್ಟ ಕಪ್ಪು ಕಿಂಡಿಯಿಂದ ನೋಡುತ್ತಿದ್ದ ಶೈಲಾಳಿಗೆ, ಅತ್ತಲಿಂದಲೂ ಯಾರೋ ನೋಡುತ್ತಿರುವಂತೆ ಅನಿಸಿತು. ಅವಳು ಹಿಂದೆ ಸರಿಯಲಿಲ್ಲ. ಆದರೆ ಸರಿಯಬೇಕು ಅನಿಸಿದ್ದು ಖರೆ.

“ಮನ್ಯಾಗಿನ ಮೈಕ್ರೋವೇವ್ ಒಲಿ ಇರತೈತಲ್ರಿ, ಅದರ ಜೀವಾನ ಇದರಾಗೂ ಐತಿ,” ಸದ್ದಿನ ಮೇಲೆ ಕಳಕೇಶ ಕೂಗಿದ. “ಅಲ್ಲಿ ಮೈಕ್ರೋವೇವ್ ಅಲಿ ಅನ್ನ ಕಾಸತೈತಿ. ಇಲ್ಲಿ ಗಾಜಿನ್ಯಾಗ ತುಂಬಿದ್ ಪಾದರಸದ ಆವಿಗೆ ಬಡೀತೈತಿ. ಆವಿ ಉರದು ಬೆಳಕು ಕೊಡತೈತಿ. ಸುತ್ತ ತೆಳ್ಳಗ ಜಾಳಿಗಿ ಐತಿ ನೋಡ್ರಿ, ಬೆಳಕು ಹೊರಗ ಬರತೈತಿ, ಆ ಅಲಿ ಬರಂಗಿಲ್ಲ.”

“ಬೆಳಕು ಇಷ್ಟೇ ಏನು? ಮುದಕಪ್ಪ ಕಣ್ಣು ಕುಕ್ಕತಿತ್ತು ಅಂದ.”

“ನಾವು ಕಾಣೂದು ಸ್ವಲ್ಪ ಮೇಡಂ. ಕಾಣದ್ದ ಬಾಳ. ಅತಿನೇರಳೆ. ಅದು ಬಿದ್ರ ವಾರ್ನಿಷ್ ಕಣ್ಣ ಪಿಳಕಿಸೂದ್ರಾಗ ಒಣಗತೈತಿ. ಅದ ಬೆಳಕು ಮನಷಾರ ಕಣ್ಣಿಗೆ ಬಿದ್ರ ಆಗ ಏನೂ ಗೊತ್ತಾಗಂಗಿಲ್ಲ. ಕೆಲವು ತಾಸು ಬಿಟ್ಟು ಉರಿ ಚಾಲೂ ಆಕ್ಕತಿ, ಉಸುಕು ಹೊಕ್ಕಂಗ. ಎರಡು ಮೂರು ದಿನಕ್ಕ ಆರಾಮ ಆಗತೈತ್ರಿ.”

“ಕಾಜಿನ ಹಿಂದ ನಿಂತು ನೋಡಿದ್ರ?”

“ಕಿಡಕಿ ಕಾಜು ಅದನ್ನ ಬಾಳಷ್ಟು ತಡೀತೈತಿ. ಏನೂ ಆಗಂಗಿಲ್ಲ.”

ಮುದಕಪ್ಪ ಮತ್ತು ಮಾಸುಮಬಿಯ ಒಗಟು ಬಗೆಹರಿಯಿತು. ಶೈಲಾ ತಲೆ ತಿರುಗಿಸಿ ಏನೋ ಹೇಳಹೊರಟವಳು ನಿಂತಳು.

ನೆಲದ ಸಂದಿನಿಂದ ಹರಿದ ಬೆಳಕಿನಲ್ಲಿ ಬೀರಲಿಂಗಪ್ಪನ ಖಾಕಿ ಕರಗಿಹೋಗಿತ್ತು. ಕೊರಳಿಗೆ ಸುತ್ತಿದ ಬಿಳಿ ಟವೆಲ್ಲು ಮಾತ್ರ ನೀಲಿ ಬೆಂಕಿಯಂತೆ ಗಾಳಿಯಲ್ಲಿ ತೇಲುತ್ತಿತ್ತು. ಬಾಯಿ ತೆರೆದಾಗ ಹಲ್ಲುಗಳು ಹೊಳೆದವು.

“ಮೇಡಮ್ಮರ,” ಆ ಹಲ್ಲುಗಳು ಅಂದವು, “ಗ್ವಾಡಿ ಮ್ಯಾಲೆ ನೋಡ್ರಿ.”

ಗೋಡೆಯ ಬುಡದಲ್ಲಿ ಒಂದು ಹಸಿರು ದೀಪ ನಡೆಯುತ್ತಿತ್ತು. ಎಳೆ ಭತ್ತದ ಪೈರಿನಂಥ ಹಸಿರು. ಅದಕ್ಕೆ ಕಾಲುಗಳಿದ್ದವು, ಎತ್ತಿ ಹಿಡಿದ ಬಾಲವಿತ್ತು.

“ಚೇಳು,” ಕಳಕೇಶ ದೀಪ ಆರಿಸಿದ. “ಈ ಬೆಳಕಿಗೆ ಎಲ್ಲಾ ಚೇಳೂ ಹಂಗ ಹೊಳೀತಾವ. ಹೆದರಬ್ಯಾಡ್ರಿ.”

“ನಾ ಹೆದರಿಲ್ಲ,” ಅಂದ ಬೀರಲಿಂಗಪ್ಪ, ಬಾಗಿಲು ತೆರೆಯಲು ಎಲ್ಲರಿಗಿಂತ ಮೊದಲು ಓಡುತ್ತ. “ನನ್ನ ಪೆನ್ಶನ್ನಿಗೆ ಇನ್ನ ನಾಕ ವರ್ಷ ಐತಿ, ಅಷ್ಟ.”

*

ಹೊರಗಿನ ಬಿಸಿಲು ಹಿತವೆನಿಸಿತು. ಶೈಲಾ ಮೊಹರಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

“ಕಳಕೇಶ, ‘ಹೊಸಾ ಬಲ್ಬು’ ಅಂದ್ರೆಲ್ಲ. ಯಾವಾಗಿಂದು?”

“ಹೋದ ಸೋಮವಾರ ನಾನ ಕಳಸೀನಿ, ಹುಬ್ಬಳ್ಳಿಯಿಂದ. ಪೆಟಗಿ ಮುಚ್ಚಿದ್ದೂ ನಾನ. ತುದೀಗೆ ಕೊರದ ನಂಬರ್ ನೋಡ್ರಿ, ಕಳಿಸೂ ಮುಂದ ಫೋಟೊ ತಗದಿದ್ನಿ.” ಫೋನು ತೋರಿಸಿದ. ಸಂಖ್ಯೆ ಒಂದೇ. “ಪ್ರೆಸ್ಸಿನ ನಂಬರಿನಿಂದ ಮೆಸೇಜ್ ಬಂದಿತ್ತು, ಬಲ್ಬು ಬೇಕು ಅಂತ. ವೀರೇಶ ಸಾವ್ಕಾರ್ರು ಮತ್ತ ಚಾಲೂ ಮಾಡತಾರ ಅಂದ್ಕೊಂಡ್ನಿ.”

ವೀರೇಶ ಬೆಳಿಗ್ಗೆಯೇ ಹೇಳಿದ್ದ: ಯಂತ್ರ ಮಾರುವವನಿದ್ದೇನೆ, ಚಾಲೂ ಮಾಡುವವನಲ್ಲ. ಮುದ್ರಣಾಲಯದ ಆ ಫೋನನ್ನು ತಮ್ಮ ಸತ್ತ ಮೇಲೆ ತಾನು ಕಂಡೇ ಇಲ್ಲ ಎಂದೂ ಅಂದಿದ್ದ.

“ಮುದಕಪ್ಪಜ್ಜಾ, ಪಾರ್ಸಲ್ ಇಸಕೊಂಡಾವ್ರು ನೀವ ಏನು?”

“ನಾನರಿ. ಹಿಂದಿನ ಪಡಸಾಲ್ಯಾಗ ಇಟ್ಟಿದ್ನಿ. ಬಿಚ್ಚಿಲ್ರಿ, ಶಿವನಾಣಿ. ಮರದಿನ ನೋಡಿದ್ರ ಇರಲಿಲ್ಲ.”

ಶೈಲಾ ಪೆನ್ಸಿಲ್ ಒಂದನ್ನು ಕೈಗೆತ್ತಿಕೊಂಡಳು. ಬಲಗೈಯ ಮೂರು ಬೆರಳಿನಿಂದ ಅದಕ್ಕೆ ವಿಭೂತಿ ಹಚ್ಚುವಂತೆ ಮಾಡಿದಳು. ಹಚ್ಚಬೇಕಾದರೆ ಎಡಗೈಯಲ್ಲಿ ಹಿಡಿಯಲೇಬೇಕು. ಎಡಗೈ ಹೆಬ್ಬೆರಳು ಎಡತುದಿಗೆ ಒತ್ತುತ್ತದೆ. ಮೂರು ಪಟ್ಟೆಗಳ ಎಡಕ್ಕಿದ್ದ ಆ ಗೋಡಂಬಿ ಗುರುತು ಅದೇ.

ಪೆಟ್ಟಿಗೆಯ ಪಾರದರ್ಶಕ ಮುಚ್ಚಳದ ಮೇಲೆ ಭೂತಗನ್ನಡಿ ಹಿಡಿದಳು. ಬೆವರಿನ ಉಪ್ಪು ಗಾಜಿನೊಳಗೆ ಬೆಂದು ಗೆರೆಗೆರೆಯಾಗಿ ನಿಂತಿತ್ತು, ಹೆಬ್ಬೆರಳಿನ ಸುಳಿ ಸಮೇತ. ಸುಳಿಯ ನಡುವೆ ಮೂಲೆಯಿಂದ ಮೂಲೆಗೆ ಒಂದು ಖಾಲಿ ದಾರಿ. ಅಲ್ಲಿ ಗೆರೆಗಳೇ ಇಲ್ಲ. ಹಳೆಯ ಗಾಯ.

“ಅಜ್ಜಾ, ಇಲ್ಲಿ ಕೆಲಸದವರಾಗ ಎಡಗೈ ಹೆಬ್ಬಟ್ಟಿಗೆ ಗಾಯ ಯಾರಿಗಿತ್ತು?”

ಮುದಕಪ್ಪ ಅರಿವೆಯ ಹಿಂದಿನಿಂದಲೇ ನಕ್ಕ. “ಕೆಲಸದವರಿಗಲ್ಲರಿ. ಸಾವ್ಕಾರ್ರಿಗೆ. ಕಾಗದ ಕೊಯ್ಯೂ ಮಷೀನಿಗೆ ಸಿಕ್ಕು ಅಡ್ಡಕ್ಕ ಸೀಳಿತ್ತು.”

ಕಳಕೇಶ ಗೋಡೆಯತ್ತ ನೋಡಿದ. ಅಲ್ಲಿ ಮೊಳೆಗೆ ಸಿಕ್ಕಿಸಿದ ಹಾಳೆಗಳ ಕಟ್ಟು ತೂಗುತ್ತಿತ್ತು.

“ನೋಡಬೇಕಂದ್ರ ಅಲ್ಲಿ ಅದಾವ ಮೇಡಂ. ವಾರ್ನಿಷ್ ಒಣಗೇತೋ ಇಲ್ಲೋ ಅಂತ ನೋಡಾಕ ಅವರು ಹೆಬ್ಬಟ್ಟು ಒತ್ತಿ ತಿರುವುತಿದ್ರು. ಎಲ್ಲಾ ಪ್ರಿಂಟರುಗಳೂ ಹಂಗ ಮಾಡತಾರ. ಹಸಿ ಇದ್ರ ಗುರುತು ಮೂಡತೈತಿ, ಅದನ್ನ ಮತ್ತ ಒಣಗಿಸಿದ್ರ ಗುರುತು ಅಲ್ಲೇ ಉಳೀತೈತಿ. ಬಲಗೈಯಾಗ ಹಾಳಿ, ಎಡಗೈ ಹೆಬ್ಬಟ್ಟು.”

ಮೇಲಿನ ಹಾಳೆ ಹಿರೇವಡ್ಡಟ್ಟಿಯ ಒಬ್ಬ ಬೀಜ ವ್ಯಾಪಾರಿಯದು, ಮೆಣಸಿನಕಾಯಿ ಬೀಜದ ಪೊಟ್ಟಣ. ಕೆಂಪು ಮೆಣಸಿನಕಾಯಿಯ ಮೇಲೆ, ಹೊಳೆಯುವ ವಾರ್ನಿಷ್ ಪದರದಲ್ಲಿ ಒಂದು ಹೆಬ್ಬೆರಳು. ಸುಳಿ. ಸುಳಿಯ ನಡುವೆ ಮೂಲೆಯಿಂದ ಮೂಲೆಗೆ ಖಾಲಿ ದಾರಿ.

ಶೈಲಾ ಎರಡನ್ನೂ ಅಕ್ಕಪಕ್ಕ ಇಟ್ಟಳು. ಗಾಯದ ಓರೆ ಒಂದೇ. ಗಾಯದ ಬಲಕ್ಕೆ ಕವಲೊಡೆದ ಗೆರೆ ಎರಡರಲ್ಲೂ ಇತ್ತು. ಬೆರಳಚ್ಚು ತಜ್ಞರು ನೋಡದೆ ಏನನ್ನೂ ಬರೆಯುವಂತಿಲ್ಲ, ಅದು ಅವಳಿಗೆ ಗೊತ್ತು. ಆದರೆ ಅವಳ ಕಣ್ಣಿಗೆ ತಜ್ಞರು ಬೇಕಿರಲಿಲ್ಲ.

ಮಣ್ಣಾಗಿ ಎರಡು ತಿಂಗಳಾದ ಮನುಷ್ಯ, ಹೋದ ವಾರ ಬಂದ ಬಲ್ಬನ್ನು ಎಡಗೈಯಲ್ಲಿ ಹಿಡಿದು ವಿಭೂತಿ ಹಚ್ಚಿದ್ದ.

ಬೇವಿನ ಮರದಲ್ಲಿ ಕಾಗೆಯೊಂದು ಕೂಗಿ ಹಾರಿಹೋಯಿತು. ಮುದಕಪ್ಪ ಅರಿವೆಯನ್ನು ಕಣ್ಣಿಗೆ ಒತ್ತಿಕೊಂಡು ಕೇಳಿದ:

“ನಾ ಹೇಳಲಿಲ್ಲೇನ್ರಿ, ಅವರ ಬಂದಾರಂತ?”

ಶೈಲಾ ನದಿಯಂಚಿನ ಆ ಬೆಳಗನ್ನು ನೆನೆದಳು. ಮುಖವೆಂಬುದು ಉಳಿದಿರಲಿಲ್ಲ, ನೀರು ಮತ್ತು ಮೀನು ತಮ್ಮ ಕೆಲಸ ಮುಗಿಸಿದ್ದವು. ಕೈಯ ಚರ್ಮ ಸುಲಿದುಹೋಗಿತ್ತು. ಅಂಗಿ, ಉಂಗುರ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ನೋಡಿ ವೀರೇಶ “ನಮ್ಮ ನಂದ್ಯಾ” ಎಂದು ನೆಲಕ್ಕೆ ಕುಸಿದಿದ್ದ. ಲಿಂಗದ ಕರಡಿಗೆ ಇನ್ನೊಬ್ಬರ ಕೊರಳಿಗೆ ಹೋಗುವ ವಸ್ತುವಲ್ಲ. ಹಾಗಾಗಿ ಯಾರೂ ಮತ್ತೆ ಕೇಳಿರಲಿಲ್ಲ, ಡಿಎನ್‌ಎ ಪರೀಕ್ಷೆಗೆ ಕಳಿಸಿರಲಿಲ್ಲ. ಅವಳೂ ಕಳಿಸಿರಲಿಲ್ಲ.

“ಬೀರಲಿಂಗಪ್ಪ, ಗಾಡಿ ತಗೀರಿ. ಕೋರ್ಟಿಗೆ. ಜೈಲಿನ್ಯಾಗ ಇಸಾಕನ್ನ ಮಾತಾಡ್ಸಾಕ ಪರವಾನಗಿ ಬೇಕು. ಇಲ್ಲಿ ಆಡಿದ್ದು ಈ ನಾಕ ಮಂದಿ ಬಾಯಿಂದ ಹೊರಗ ಹೋಗಬಾರದು. ಅಜ್ಜಾ, ನಿಮಗೂ ಹೇಳಿದ್ದು.”

*

ಜೈಲಿನ ಅಧಿಕಾರಿಯ ಪಕ್ಕದ ಕೋಣೆಯಲ್ಲಿ ಇಳಿಬಿಸಿಲು ಬಿದ್ದಿತ್ತು. ಇಸಾಕ ಬಂದು ಗೋಡೆಗೆ ನಿಂತ. ಎರಡು ತಿಂಗಳಲ್ಲಿ ಅಂಗಿ ದೊಡ್ಡದಾಗಿತ್ತು, ಅವನು ಚಿಕ್ಕವನಾಗಿದ್ದ.

“ನಾ ಕೊಂದಿಲ್ರಿ ಮೇಡಂ,” ಎಂದ, ನಮಸ್ಕಾರ ಹೇಳುವಂತೆ. “ಇವತ್ತೂ ಅದ, ನಾಳೀನೂ ಅದ. ಶಿರಹಟ್ಟಿ ದಾರ್ಯಾಗ ಅವರನ್ನ ಗಾಡೀ ಮ್ಯಾಲಿಂದ ಇಳಿಸಿ ಬಂದೀನಿ. ಲಕ್ಷ್ಮೇಶ್ವರಕ್ಕ ನಮ್ಮವ್ವನ ಮನಿಗೆ ಹೋಗೀನಿ. ಅಷ್ಟ.”

“ಕುಂಡ್ರು ಇಸಾಕ. ಇವತ್ತ ಅದನ್ನ ಕೇಳಾಕ ಬಂದಿಲ್ಲ.”

ಅವನು ಬೆಂಚಿನ ಅಂಚಿಗೆ ಕೂತ.

“ಬಲ್ಬಿಗೆ ವಿಭೂತಿ ಹಚ್ಚೋರು ಯಾರು, ನಿಮ್ಮ ಪ್ರೆಸ್ಸಿನ್ಯಾಗ?”

ಇಸಾಕ ಬಾಯಿ ತೆರೆದು ನೋಡಿದ. ಆಮೇಲೆ ನಕ್ಕೇಬಿಟ್ಟ. ಜೈಲಿಗೆ ಬಂದ ಮೇಲೆ ಅವನು ನಕ್ಕದ್ದನ್ನು ಶೈಲಾ ಕಂಡಿರಲಿಲ್ಲ.

“ಇದನ್ನ ಕೇಳಾಕ ಇಲ್ಲೀ ತನಕ ಬಂದ್ರೇನ್ರಿ? ಸಾವ್ಕಾರ್ರು. ಮತ್ತ್ಯಾರಿಗೂ ಮುಟ್ಟಗೊಡತಿದ್ದಿಲ್ಲ. ಕಡೀಕ ನನಗೂ ಇಲ್ಲ. ನೂರ ಸಲ ಹೇಳೀನ್ರಿ, ಸಾವ್ಕಾರ್ರ, ಅದು ಜಲ್ದಿ ಸಾಯತೈತಿ ಅಂತ. ‘ಲೇ ಇಸಾಕ, ತಂತಿ ಇಲ್ದ ಉರಿಯೂ ವಸ್ತು ದೇವರಲ್ದ ಮತ್ತೇನಲೇ’ ಅಂತಿದ್ರು. ಎಡಗೈಯಾಗ ಹಿಡದು, ಕಣ್ಣ ಮುಚ್ಚಿ, ಹಿಂಗ…”

ಗಾಳಿಯಲ್ಲಿ ಮೂರು ಗೆರೆ ಎಳೆದ. ಕೈ ಇಳಿಸಿ, ಕಣ್ಣು ಒರೆಸಿಕೊಂಡ. “ಜಗಳ ಆಡಿದ್ದು ಖರೆರಿ. ಆದ್ರ ನನಗ ಅನ್ನ ಹಾಕ್ಯಾರ.”

“ಇಸಾಕ, ಕೇಳು. ಹೋದ ವಾರ ಒಂದು ಹೊಸ ಬಲ್ಬು ಬಂದೈತಿ. ಅದಕ್ಕ ವಿಭೂತಿ ಹಚ್ಚಿ, ಮಷೀನಿಗೆ ಹಾಕಿ, ಮೊನ್ನಿ ಸಂಜೀಕ ಹಚ್ಚ್ಯಾರ. ಬೆಲ್ಟಿನ ಮ್ಯಾಲೆ ವಾರ್ನಿಷ್ ಇನ್ನೂ ಅಂಟತೈತಿ. ಬಲ್ಬಿನ ಗಾಜಿನ್ಯಾಗ ಹೆಬ್ಬಟ್ಟು ಐತಿ. ಅಡ್ಡ ಗಾಯದ್ದು.”

ಅವಳು ಕಾಯುತ್ತಿದ್ದದ್ದು ಅಳುವನ್ನು. ಕಾಲಿಗೆ ಬೀಳುತ್ತಾನೆ, ಹಸೀನಾ ಎನ್ನುತ್ತಾನೆ, ಅಲ್ಲಾ ಎನ್ನುತ್ತಾನೆ ಎಂದುಕೊಂಡಿದ್ದಳು.

ಇಸಾಕ ಅಲುಗಲಿಲ್ಲ. ನಗುವಿನ ಕೊನೆಯ ಸುಕ್ಕು ಮುಖದ ಮೇಲೆ ಹಾಗೇ ನಿಂತುಬಿಟ್ಟಿತ್ತು, ಯಾರೋ ಆರಿಸಲು ಮರೆತಂತೆ.

“ಅವ ಬದುಕ್ಯಾನ,” ಎಂದಳು ಶೈಲಾ. “ತಜ್ಞರು ಹೌದಂದ್ರ ನಿನ್ನ ಮ್ಯಾಲಿನ ಕೇಸು ನಿಲ್ಲಂಗಿಲ್ಲ. ನಾಳೆ ನಾ ಆರೋಪಪಟ್ಟಿ ಹಾಕಂಗಿಲ್ಲ. ನೀ ಮನಿಗೆ ಹೋಗಬಹುದು.”

“ಯಾರ್ಯಾರಿಗೆ ಗೊತ್ತೈತ್ರಿ?” ದನಿ ಎಲ್ಲೋ ಬಾವಿಯೊಳಗಿನಿಂದ ಬಂತು.

“ನನಗ. ಬೀರಲಿಂಗಪ್ಪಗ. ಎಂಜಿನಿಯರಗ, ಮುದಕಪ್ಪಗ.”

“ಹಸೀನಾಗ?”

“ಇನ್ನೂ ಹೇಳಿಲ್ಲ.”

“ಹೇಳಬ್ಯಾಡ್ರಿ.” ಅವನು ಎದ್ದು ನಿಂತ. ಅವಸರದಲ್ಲಿ ಬೆಂಚು ಉರುಳಿತು. “ಯಾರಿಗೂ ಹೇಳಬ್ಯಾಡ್ರಿ. ಆ ಪಟ್ಟಿ ನಾಳೆ ಹಾಕ್ರಿ.”

“ತಲಿ ಕೆಟ್ಟೈತೇನಲೇ?” ಬಾಗಿಲಲ್ಲಿದ್ದ ಬೀರಲಿಂಗಪ್ಪ ಒಳಗೆ ಬಂದ. “ಮೇಡಮ್ಮರು ನಿನ್ನ ಬಿಡಸಾಕ ಓಡಾಡಾಕತ್ತಾರ!”

“ನಾ ಕೊಂದೀನಿ.”

ಎರಡು ತಿಂಗಳಿಂದ ಹೊಡೆದರೂ ಬಡಿದರೂ ಕಾಡಿದರೂ ಬಾರದ ಮಾತು ಅದು, ಹೀಗೆ ಯಾರೂ ಕೇಳದೆ ಬಂದಿತ್ತು.

“ಯಾರನ್ನ?” ಶೈಲಾ ಕೇಳಿದಳು.

“ನಂದೀಶ ಸಾವ್ಕಾರ್ರನ್ನ.”

“ಅವ ಬದುಕ್ಯಾನ ಅಂತ ಈಗ ಹೇಳಿದ್ನಲ್ಲೋ.”

“ಅದಕ್ಕರಿ ಮೇಡಂ. ಅದಕ್ಕ ಹೇಳಾಕತ್ತೀನಿ.”

ಅವನು ಅವಳ ಹತ್ತಿರ ಬಂದ. ಪಿಸುಮಾತಿನಲ್ಲಿ, ಗೋಡೆಗೂ ಕೇಳಿಸಬಾರದೆಂಬಂತೆ ಅಂದ:

“ಅವರು ಬದುಕ್ಯಾರ ಅಂತ ನಾಳೆ ನೀವು ಕೋರ್ಟಿನ್ಯಾಗ ಅಂದ್ರ, ಮುಂದ ನನ್ನ ಮಗಳನ್ನ ಅದ ಹೊಳ್ಯಾಗ ಹುಡುಕಬೇಕಾಕ್ಕತಿ. ಅವರಿಗೆ ಈಗ ಇರೂ ಧೈರ್ಯ ಒಂದ, ತಾವು ಸತ್ತೀವಿ ಅಂತ ಊರು ನಂಬೇತಿ ಅನ್ನೂದು. ಅದನ್ನ ಕಸಗೋಬ್ಯಾಡ್ರಿ, ನನ್ನ ಬಾಯಿ ಮುಚ್ಚಸಾಕ ಅವರು ಮೊದಲ ಆಕೀನ ಹಿಡೀತಾರ.”

“ಇಸಾಕ. ಆ ಕುಣ್ಯಾಗ ಇರಾಂವ ಯಾರು?”

ಹೊರಗೆ ಕಾವಲಿನವನು ಹೊತ್ತಾಯಿತೆಂದು ಬಾಗಿಲು ತೆರೆದ. ಆ ಸದ್ದಿಗೆ ಇಸಾಕ ಗೋಡೆಗೆ ಬೆನ್ನು ಒತ್ತಿ ನಿಂತ, ತೆರೆದ ಬಾಗಿಲನ್ನೇ ನೋಡುತ್ತ.

“ನಂದೀಶ ಸಾವ್ಕಾರ್ರು ಸತ್ತಾರ,” ಎಂದು ಜೈಲೆಲ್ಲ ಕೇಳುವಂತೆ ಕೂಗಿದ. “ನಾನ ಕೊಂದೀನಿ. ಬರಕೊಳ್ರಿ ಮೇಡಂ, ಜಲ್ದಿ ಬರಕೊಳ್ರಿ!”